ಡಾಸ್‌ಗೆ ಮತ್ತೆ ದನಿ ಬಂದ ಕಥೆ

2008ರ ಸುಮಾರಿನ ಒಂದು ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಎಂಎಸ್-ಡಾಸ್ ಹಾಕಿ, 1993ರ ಡಿಸೆಂಬರಿನಲ್ಲಿ ಬಂದ ‘ಡೂಮ್’ ಆಟವನ್ನು ಶುರು ಮಾಡಿದರೆ ಅದು ಓಡುತ್ತದೆ. ಗೋಡೆಗಳು ಕಾಣುತ್ತವೆ, ರಾಕ್ಷಸರು ಬರುತ್ತಾರೆ, ಬಂದೂಕು ಸಿಡಿಯುತ್ತದೆ. ಆದರೆ ಸೌಂಡ್ ಕಾರ್ಡಿನಿಂದ ಬರಬೇಕಾದ ಸಂಗೀತವೂ ಇಲ್ಲ, ಸದ್ದೂ ಇಲ್ಲ. ಆಟ ಕೇಳುವುದಾದರೂ ಏನು? ಸೆಕೆಂಡಿಗೆ 11,025 ಮಾದರಿಗಳ, 8 ಬಿಟ್‌ನ ಒರಟು ಸದ್ದು. ಮದರ್‌ಬೋರ್ಡಿನ ಮೇಲಿರುವ ಧ್ವನಿ ಚಿಪ್ಪು ಪಾಲಿಸುವ ಮಾನಕವೋ ಸೆಕೆಂಡಿಗೆ 1,92,000 ಮಾದರಿಗಳವರೆಗೆ ಹೋಗುತ್ತದೆ. ಇಷ್ಟು ಬಲವಿರುವ ಚಿಪ್ಪು ಅಷ್ಟು ಸಣ್ಣ ಕೆಲಸಕ್ಕೆ ಏಕೆ ಮೂಕವಾಗುತ್ತದೆ?

ಉತ್ತರ ಡಾಸ್‌ನ ಹುಟ್ಟಿನಲ್ಲೇ ಇದೆ. 1981ರಲ್ಲಿ ಐಬಿಎಂ ಪಿಸಿಯ ಜೊತೆ ಡಾಸ್ ಬಂದಾಗ ಆ ಯಂತ್ರಕ್ಕಿದ್ದದ್ದು ‘ಬೀಪ್’ ಎನ್ನುವ ಒಂದು ಪುಟ್ಟ ಸ್ಪೀಕರ್ ಮಾತ್ರ. ಡಾಸ್‌ಗೆ ಫೈಲು ಗೊತ್ತು, ಕೀಲಿಮಣೆ ಗೊತ್ತು, ಪರದೆ ಗೊತ್ತು; ಸಂಗೀತ ಎಂಬುದೊಂದು ಇದೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. 1987ರಲ್ಲಿ ಕೆನಡಾದ ಕ್ವಿಬೆಕ್‌ನಿಂದ ಆಡ್‌ಲಿಬ್ ಕಾರ್ಡ್ ಬಂತು. ಅದರೊಳಗಿದ್ದ ಯಮಾಹಾದ ವೈಎಂ3812 ಚಿಪ್ಪು ಒಂಬತ್ತು ಸ್ವರಗಳನ್ನು ಒಟ್ಟಿಗೆ ನುಡಿಸಬಲ್ಲದು. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿ ಅದೇ ಚಿಪ್ಪನ್ನಿಟ್ಟು, ಮೊದಲೇ ಮುದ್ರಿಸಿಟ್ಟ ಸದ್ದನ್ನು ನುಡಿಸುವ ಶಕ್ತಿಯನ್ನೂ ಸೇರಿಸಿ ಸೌಂಡ್ ಬ್ಲಾಸ್ಟರ್ ತಂದಿತು.

ಡಾಸ್ ನಡುವೆ ಬರದಿದ್ದ ಕಾರಣ ಆಟ ಬರೆಯುವವರು ನೇರವಾಗಿ ಕಾರ್ಡಿನ ಜೊತೆಗೇ ಮಾತಾಡುತ್ತಿದ್ದರು. ಸೌಂಡ್ ಬ್ಲಾಸ್ಟರಿನ ವಿಳಾಸ ಸಾಮಾನ್ಯವಾಗಿ 220. ಇದು ಹದಿನಾರರ ಎಣಿಕೆಯ 220. ಆಟ ಶುರುವಾದೊಡನೆ 226ನೇ ಪೋರ್ಟಿಗೆ ಮೊದಲು 1, ತುಸು ತಡೆದು 0 ಬರೆಯುತ್ತದೆ. ಕಾರ್ಡ್ ಇದ್ದರೆ 22ಎ ಪೋರ್ಟಿನಲ್ಲಿ ‘ಎಎ’ ಎಂಬ ಉತ್ತರ ಸಿಗುತ್ತದೆ. ‘ಯಾರಿದ್ದೀರಿ?’ ಎಂದು ಕೂಗಿದರೆ ‘ಓ’ ಎಂದ ಹಾಗೆ. ಉತ್ತರ ಬರದಿದ್ದರೆ ಆ ಮನೆ ಖಾಲಿ ಎಂದೇ ಆಟದ ತೀರ್ಮಾನ. ಹೀಗಾಗಿ ಬೇರೆ ಕಂಪನಿಗಳು ಕೂಡ ಅದೇ ವಿಳಾಸದಲ್ಲಿ ಕುಳಿತು ಅದೇ ಉತ್ತರ ಕೊಡುವ ಕಾರ್ಡುಗಳನ್ನು ಮಾಡಬೇಕಾಯಿತು. ಯಾವ ಸಮಿತಿಯೂ ಕೂತು ನಿರ್ಧರಿಸದ ಒಂದು ಸಂಖ್ಯೆ ಇಡೀ ಉದ್ಯಮದ ನಿಯಮವಾಯಿತು.

1995ರಲ್ಲಿ ವಿಂಡೋಸ್ 95 ಬಂದ ಮೇಲೆ ಈ ನಿಯಮದ ಬಿಗಿ ಸಡಿಲವಾಯಿತು. ಪ್ರೋಗ್ರಾಮು ವಿಂಡೋಸ್‌ಗೆ ಹೇಳುತ್ತದೆ, ವಿಂಡೋಸ್ ಡ್ರೈವರ್‌ಗೆ ಹೇಳುತ್ತದೆ, ಡ್ರೈವರ್ ತನ್ನ ಚಿಪ್ಪಿಗೆ ತಿಳಿಯುವ ಭಾಷೆಯಲ್ಲಿ ಹೇಳುತ್ತದೆ. ನಡುವೆ ಒಬ್ಬ ದುಭಾಷಿ ಸಿಕ್ಕಿದ್ದರಿಂದ ಚಿಪ್ಪುಗಳು 220ರಲ್ಲೇ ಕುಳಿತಿರಬೇಕಾಗಿರಲಿಲ್ಲ. 1997ರ ಎಸಿ 97 ಮಾನಕದಲ್ಲಿ ಇಂಟೆಲ್ ಧ್ವನಿಯ ಕೆಲಸವನ್ನು ಇಬ್ಭಾಗ ಮಾಡಿತು: ಅಂಕಿಗಳ ಸಾಗಾಟ ಚಿಪ್‌ಸೆಟ್ಟಿಗೆ, ಅಂಕಿಯನ್ನು ಸದ್ದಾಗಿಸುವುದು ಒಂದು ಅಗ್ಗದ ಕೋಡೆಕ್ ಚಿಪ್ಪಿಗೆ. ಸೌಂಡ್ ಕಾರ್ಡ್ ಮದರ್‌ಬೋರ್ಡಿನೊಳಗೆ ಕರಗಿತು. 2004ರಲ್ಲಿ ಅದರ ಜಾಗಕ್ಕೆ ಹೈ ಡೆಫಿನಿಷನ್ ಆಡಿಯೊ ಬಂದಾಗ ಹಳೆಯ ವಿಳಾಸದ ಗುರುತೂ ಉಳಿಯಲಿಲ್ಲ. ಇದಕ್ಕೆ ಮೈಕ್ರೋಸಾಫ್ಟ್ ಹಿಂದಿನ ವ್ಯವಸ್ಥೆಗಳ ಪೈಕಿ ವಿಂಡೋಸ್ 2000, ಎಕ್ಸ್‌ಪಿ, ಸರ್ವರ್ 2003ಕ್ಕೆ ಡ್ರೈವರ್ ಒದಗಿಸಿತು. ವಿಂಡೋಸ್ 98 ಹೊರಗುಳಿಯಿತು. ಡಾಸ್ ವಿಷಯವಂತೂ ಕೇಳುವುದೇ ಬೇಡ.

2002ರಲ್ಲಿ ಬಂದ ಡಾಸ್‌ಬಾಕ್ಸ್ ಒಂದು ದಾರಿ ತೋರಿಸಿತು: ಇಡೀ ಹಳೆಯ ಯಂತ್ರವನ್ನೇ ಸಾಫ್ಟ್‌ವೇರಿನಲ್ಲಿ ಕಟ್ಟುವುದು. ಆಟ ಆಡಬೇಕೆನ್ನುವವರಿಗೆ ಅಷ್ಟು ಸಾಕು. ಆದರೆ ಅಲ್ಲಿ ಯಂತ್ರವನ್ನು ಆಳುವುದು ವಿಂಡೋಸ್ ಅಥವಾ ಲಿನಕ್ಸ್. ಡಾಸ್ ಅಲ್ಲಿ ಬರೀ ವೇಷ. ಡಾಸನ್ನೇ ಯಂತ್ರದ ಮೇಲೆ ನಡೆಸಿ ಅದಕ್ಕೇ ದನಿ ಕೊಡಬೇಕೆಂದರೆ ಬೇರೆ ಉಪಾಯ ಬೇಕು.

ಆ ಉಪಾಯದ ಬೀಜ ಇದ್ದದ್ದು 1985ರ ಇಂಟೆಲ್ 80386 ಪ್ರೊಸೆಸರಿನಲ್ಲಿ. ಒಂದು ಪ್ರೋಗ್ರಾಮು ಇಂತಿಂಥ ಪೋರ್ಟುಗಳನ್ನು ಮುಟ್ಟಿದರೆ ಅದನ್ನು ತಡೆದು ಮೇಲ್ವಿಚಾರಕ ಪ್ರೋಗ್ರಾಮಿಗೆ ತಿಳಿಸು ಎಂದು ಆ ಪ್ರೊಸೆಸರಿಗೆ ಮೊದಲೇ ಹೇಳಿಡಬಹುದು. 2020ರ ದಶಕದ ಆರಂಭದಲ್ಲಿ ಬಂದ ಎಸ್‌ಬಿಇಎಂಯು, ವಿಎಸ್‌ಬಿಎಚ್‌ಡಿಎ ಎಂಬ ಉಚಿತ ಪ್ರೋಗ್ರಾಮುಗಳು ಮಾಡುವುದು ಇದನ್ನೇ. ಆಟ 226ಕ್ಕೆ ಬರೆದ ಕ್ಷಣ ಪ್ರೊಸೆಸರು ತಡೆಯುತ್ತದೆ. ‘ಎಎ’ ಎಂಬ ಉತ್ತರವನ್ನು ಪ್ರೋಗ್ರಾಮೇ ಕೊಡುತ್ತದೆ. ಯಮಾಹಾ ಚಿಪ್ಪಿಗೆಂದು ಆಟ ಬರೆದ ಸ್ವರಗಳನ್ನು ತಾನೇ ಲೆಕ್ಕ ಹಾಕಿ, ಬಂದೂಕಿನ ಸದ್ದಿನೊಡನೆ ಬೆರೆಸಿ, ಹೊಸ ಚಿಪ್ಪಿಗೆ ಅದರದೇ ಭಾಷೆಯಲ್ಲಿ ದಾಟಿಸುತ್ತದೆ. ಡೂಮ್‌ನಂಥ ಆಟಗಳು ಪ್ರೊಸೆಸರಿನ ರಕ್ಷಿತ ಸ್ಥಿತಿಯಲ್ಲಿ ಓಡುವುದರಿಂದ ಅವುಗಳಿಗೆ ಬೇರೊಂದು ಕಾವಲು ಬೇಕಾಗುತ್ತದೆ. ಒಂದೇ ಮನೆಯ ಎರಡು ಬಾಗಿಲಿಗೆ ಇಬ್ಬರು ಕಾವಲುಗಾರರು.

ಇಷ್ಟನ್ನು ಸಾಧಿಸಿದ್ದು ಬಿಡುವಿನ ವೇಳೆಯಲ್ಲಿ ದುಡಿದ ಹವ್ಯಾಸಿಗಳು. ಅವರಿಗೆ ಅದು ಸಾಧ್ಯವಾದದ್ದು ಹೇಗೆ? ಇಂಟೆಲ್ ತನ್ನ 2004ರ ಮಾನಕದ ದಾಖಲೆಯನ್ನು ಯಾರು ಬೇಕಾದರೂ ಓದುವಂತೆ ಪ್ರಕಟಿಸಿತ್ತು. ಚಿಪ್ಪಿಗೆ ಆಜ್ಞೆ ಕಳಿಸುವ ಸಾಲು ಎಲ್ಲಿರಬೇಕು, ಉತ್ತರ ಎಲ್ಲಿ ಬರುತ್ತದೆ, ಹೆಡ್‌ಫೋನಿನ ತೂತನ್ನು ಹೇಗೆ ಗುರುತಿಸಬೇಕು, ಎಲ್ಲವೂ ಅದರಲ್ಲಿದೆ. ಎಸ್‌ಬಿಇಎಂಯುಗೆ ಬೇಕಾದ ಡ್ರೈವರುಗಳು ಎಂಪಿಎಕ್ಸ್‌ಪ್ಲೇ ಎಂಬ ಡಾಸ್ ಸಂಗೀತ ಪ್ಲೇಯರಿನಿಂದ ಬಂದವು, ಯಮಾಹಾ ಸ್ವರಗಳ ಲೆಕ್ಕ ಡಾಸ್‌ಬಾಕ್ಸಿನಿಂದ ಬಂತು. ಎರಡರ ಮೂಲ ಬರಹವೂ ತೆರೆದಿತ್ತು. ಬರಹ ಸಿಗದ ಕಡೆ ಪಾಡು ಬೇರೆ. ಯಮಾಹಾದ ಮುಂದಿನ ಪೀಳಿಗೆಯ ಚಿಪ್ಪನ್ನು ಕರಾರುವಾಕ್ಕಾಗಿ ಅನುಕರಿಸಲು ಹೊರಟವರು ಅದರ ಹೊದಿಕೆ ಬಿಚ್ಚಿ ಒಳಗಿನ ಸಿಲಿಕಾನಿನ ಫೋಟೋ ತೆಗೆದು, ಗೆರೆಗೆರೆಯನ್ನೂ ಓದಬೇಕಾಯಿತು.

ಈ ದಾರಿಗೂ ಕೊನೆಯಿದೆ. ಡಾಸ್ ಏಳಬೇಕೆಂದರೆ ಹಳೆಯ ಬಯೋಸ್ ಬೇಕು. 2020ರ ಹೊತ್ತಿಗೆ ಅದರ ಬೆಂಬಲವನ್ನು ಕೈಬಿಡುವುದಾಗಿ ಇಂಟೆಲ್ 2017ರಲ್ಲೇ ಹೇಳಿತ್ತು. ಆ ಬೆಂಬಲವಿಲ್ಲದ ಇಂದಿನ ಯಂತ್ರಗಳಲ್ಲಿ ಡಾಸ್ ತಾನಾಗಿ ಏಳುವುದೇ ಇಲ್ಲ. ದನಿಯ ಮಾತು ಆಮೇಲಿನದು. ಹಾಗಾಗಿ 2004ರಿಂದ ಸುಮಾರು ಒಂದೂವರೆ ದಶಕದ ನಡುವೆ ತಯಾರಾದ, ಮನೆಯ ಅಟ್ಟದಲ್ಲೋ ಗುಜರಿಯಲ್ಲೋ ಬಿದ್ದಿರುವ ಕಂಪ್ಯೂಟರುಗಳೇ ಇದಕ್ಕೆ ತಕ್ಕ ಜಾಗ.

ಹಳೆಯ ಯಂತ್ರಗಳನ್ನು ಉಳಿಸುವ ಮಾತು ಬಂದಾಗ ನಾವು ಯಂತ್ರವನ್ನೇ ಜೋಪಾನ ಮಾಡಲು ನೋಡುತ್ತೇವೆ. ಅದು ಎಷ್ಟು ಜೋಪಾನ ಮಾಡಿದರೂ ಒಂದು ದಿನ ಕೆಡುತ್ತದೆ. ಅದು ಹೇಗೆ ಕೆಲಸ ಮಾಡುತ್ತಿತ್ತು ಎಂಬ ಬರಹ ಎಲ್ಲರ ಕೈಗೂ ಸಿಗುವಂತಿದ್ದರೆ, ಅದರ ಹೆಸರೂ ಕೇಳಿರದ ಇನ್ನೊಂದು ಚಿಪ್ಪಿನಿಂದ ಅದೇ ‘ಎಎ’ ಎನ್ನಿಸಬಹುದು. ಡೂಮ್ ಕೇಳುವುದು ಅಷ್ಟೇ. ‘ಓ’ ಎಂದವರು ಯಾರು ಎಂದು ಅದು ತಿರುಗಿ ನೋಡುವುದಿಲ್ಲ.