ಜನ್ನನ ಕಾವ್ಯಗಳಲ್ಲಿ ಪಾಪದ ವಿಚಾರ

ಮನುಷ್ಯನು ಒಳ್ಳೆಯದನ್ನು ಬಲ್ಲವನಾಗಿಯೂ ಕೇಡನ್ನೇಕೆ ಮಾಡುವನೆಂಬುದು ಎಲ್ಲ ದೇಶಗಳ ಕವಿಗಳನ್ನೂ ಕಾಡಿದ ಪ್ರಶ್ನೆ. ಇದಕ್ಕೆ ಸುಲಭವಾದ ಉತ್ತರವೊಂದುಂಟು: ಕೇಡೆಲ್ಲವನ್ನೂ ಒಬ್ಬ ರಾಕ್ಷಸನ ಮೇಲೆಯೋ ಪಿಶಾಚಿಯ ಮೇಲೆಯೋ ಹೊರಿಸಿ, ಕೊನೆಗೆ ಅವನನ್ನು ಕೊಲ್ಲಿಸಿಬಿಡುವುದು. ಹಳಗನ್ನಡದ ಜೈನಕವಿಗಳಿಗೆ ಈ ಉತ್ತರವು ಸಲ್ಲುವಂತಿರಲಿಲ್ಲ. ಅವರ ಮತದಲ್ಲಿ ಜಗತ್ತನ್ನು ಸೃಷ್ಟಿಸಿದ ಈಶ್ವರನಿಲ್ಲ. ಆದುದರಿಂದ ಅವನಿಗೆ ಎದುರಾಳಿಯಾದ ಪಾಪಪುರುಷನೂ ಇಲ್ಲ. ಜೀವನಿಗೆ ಬಂದೊದಗುವ ಸುಖದುಃಖಗಳೆಲ್ಲವೂ ಅವನ ಕರ್ಮದ ಫಲ. ಅವರ ರಾಮಾಯಣದಲ್ಲಿ ರಾವಣನು ಕೂಡ ಹತ್ತು ತಲೆಯ ರಾಕ್ಷಸನಲ್ಲ, ವಿದ್ಯಾಧರಕುಲದ ಅರಸು. ಹೊರಗೆ ಹೊಣೆಗಾರನು ಸಿಕ್ಕದಿದ್ದಾಗ ಕವಿಯು ಮನುಷ್ಯನ ಮನಸ್ಸಿನೊಳಕ್ಕೇ ದೀಪವನ್ನು ಹಿಡಿಯಬೇಕಾಗುವುದು. ಹಳಗನ್ನಡ ಕಾವ್ಯದ ಚರಿತ್ರೆಯು ಒಂದು ಬಗೆಯಿಂದ ಈ ದೀಪವು ಒಳಗೊಳಗೆ ಸಾಗಿದ ಚರಿತ್ರೆಯೇ ಆಗಿದೆ.

ಈ ದಾರಿಯ ಮೊದಲ ಹೆಜ್ಜೆಗಳು ಹತ್ತನೆಯ ಶತಮಾನದಲ್ಲಿಯೇ ಕಾಣುತ್ತವೆ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಮಹಾಪುರುಷರು ಘೋರವಾದ ಉಪಸರ್ಗಗಳನ್ನು ಸಹಿಸುವರು. ಅಲ್ಲಿ ಕೇಡು ಬಹುಮಟ್ಟಿಗೆ ಹೊರಗಿನಿಂದ ಬರುವ ಪರೀಕ್ಷೆ. ಅದೇ ಶತಮಾನದ ಕೊನೆಗೆ ರನ್ನನು ದುರ್ಯೋಧನನನ್ನು ಹೆಣಗಳ ನಡುವೆ ನಡೆಯಿಸಿ, ಛಲಗಾರನ ಎದೆಯಲ್ಲಿಯೂ ಗುರುಭಕ್ತಿ, ಸ್ನೇಹ, ಶತ್ರುವಿನ ಮಗನ ಪರಾಕ್ರಮವನ್ನು ಮೆಚ್ಚುವ ಔದಾರ್ಯಗಳಿದ್ದುವೆಂದು ತೋರಿಸಿದನು. ಮುಂದೆ ನಾಗಚಂದ್ರನು ರಾಮಚಂದ್ರಚರಿತಪುರಾಣದಲ್ಲಿ, ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂದು ವ್ರತ ತೊಟ್ಟಿದ್ದ ರಾವಣನು ಸೀತೆಯನ್ನು ಕಂಡು ಜಾರಿದುದನ್ನೂ, ಅವಳು ಮೂರ್ಛೆಹೋದಾಗ ಅವನ ಮನಸ್ಸು ತಿರುಗಿದುದನ್ನೂ ಹೇಳಿದನು. ಆದರೆ ಆ ರಾವಣನು ಸೀತೆಯನ್ನು ಒಡನೆಯೇ ಒಪ್ಪಿಸಲಾರನು. ಮೊದಲು ಗೆಲ್ಲಬೇಕು, ಆಮೇಲೆ ಕೊಡಬೇಕು. ಪಶ್ಚಾತ್ತಾಪವು ನಿಜ, ಅಭಿಮಾನವು ಅದಕ್ಕಿಂತ ಒಂದು ಗಳಿಗೆ ಮುಂದೆ. ಬಿ. ಎಂ. ಶ್ರೀಕಂಠಯ್ಯನವರು ಈ ರಾವಣನನ್ನು ರುದ್ರನಾಟಕದ ನಾಯಕನೆಂದು ಎತ್ತಿ ತೋರಿಸಿದುದು ಸಹೃದಯರಿಗೆ ತಿಳಿದೇ ಇದೆ.

ಈ ಪರಂಪರೆಯ ತುದಿಯಲ್ಲಿ ನಿಂತವನು ಜನ್ನ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆಂದು ಮನ್ನಣೆ ಪಡೆದ ಇವನು ಕ್ರಿ. ಶ. ೧೨೦೯ರಲ್ಲಿ ಯಶೋಧರಚರಿತೆಯನ್ನೂ, ಬಲ್ಲಾಳನ ಮಗನಾದ ನರಸಿಂಹನ ಕಾಲದಲ್ಲಿ, ೧೨೩೦ರಲ್ಲಿ, ಅನಂತನಾಥಪುರಾಣವನ್ನೂ ಮುಗಿಸಿದನು. ಸೂಕ್ತಿಸುಧಾರ್ಣವವನ್ನು ಸಂಕಲಿಸಿದ ಮಲ್ಲಿಕಾರ್ಜುನನೂ ಶಬ್ದಮಣಿದರ್ಪಣದ ಕೇಶಿರಾಜನೂ ಇವನ ಬಂಧುಗಳು. ಜನ್ನನು ಬರಿಯ ಕವಿಯಲ್ಲ, ಮಂತ್ರಿ, ದಂಡಾಧೀಶ. ಹೊಯ್ಸಳರು ಸೇವುಣರೊಡನೆ ಕಾದಾಡಿ ರಾಜ್ಯವನ್ನು ಹಿಗ್ಗಿಸಿದ ದಿನಗಳವು. ಕತ್ತಿಯ ಅಧಿಕಾರವನ್ನು ಕೈಯಲ್ಲಿ ಹಿಡಿದವನೊಬ್ಬನು, ಹಿಟ್ಟಿನ ಕೋಳಿಯನ್ನು ಕಡಿದ ಪಾಪವೆಷ್ಟೆಂದು ಕಾವ್ಯ ಬರೆದನೆಂಬುದು ಗಮನಿಸಬೇಕಾದ ಸಂಗತಿ.

ಕಥೆಯು ಜನ್ನನದಲ್ಲ. ಎಂಟನೆಯ ಶತಮಾನದ ಹರಿಭದ್ರನ ಪ್ರಾಕೃತಕಥೆಯಲ್ಲಿ ಇದು ಆಗಲೇ ಇದೆ. ಪಂಪನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ಮಗನ ಆಳಿಕೆಯಲ್ಲಿ ಸೋಮದೇವಸೂರಿಯು ೯೫೯ರಲ್ಲಿ ಯಶಸ್ತಿಲಕವೆಂಬ ಮಹಾಚಂಪುವನ್ನು ರಚಿಸಿದನು. ಅದೇ ಶತಮಾನದಲ್ಲಿ ಮಾನ್ಯಖೇಟದಲ್ಲಿದ್ದ ಪುಷ್ಪದಂತನು ಅಪಭ್ರಂಶದಲ್ಲಿ ಇದನ್ನು ಹಾಡಿದನು. ಹನ್ನೊಂದನೆಯ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದ ವಾದಿರಾಜನು ಸಂಸ್ಕೃತದಲ್ಲಿ ಇದನ್ನು ನಾಲ್ಕು ಸರ್ಗಗಳಿಗೆ ಇಳಿಸಿದನು. ಜನ್ನನು ಬಹುಮಟ್ಟಿಗೆ ಹಿಡಿದುದು ವಾದಿರಾಜನ ದಾರಿಯನ್ನೇ. ನಾಲ್ಕು ಅವತಾರಗಳು, ಹೆಚ್ಚಾಗಿ ಕಂದಪದ್ಯಗಳು, ವರ್ಣನೆಗಳ ಆಡಂಬರವಿಲ್ಲ. ಚಂಪುವಿನ ಸಂಭ್ರಮವನ್ನು ತೊರೆದು ಕವಿಯು ಕಂದದ ಕಿರುಮಟ್ಟನ್ನು ಆರಿಸಿಕೊಂಡುದರಿಂದ, ಕಥೆಯು ನಿಲ್ಲದೆ, ಹಿಂತಿರುಗಿ ನೋಡದೆ, ಇಳಿಜಾರಿನ ನೀರಿನಂತೆ ಸಾಗುವುದು.

ಕಾವ್ಯವು ತೆರೆಯುವುದು ಬಲಿಯ ನೆಲದಲ್ಲಿ. ಮಾರಿದತ್ತನೆಂಬ ಅರಸನು ಚಂಡಮಾರಿಗೆ ಜೀವಗಳನ್ನು ಜೋಡಿಜೋಡಿಯಾಗಿ ಬಲಿಕೊಡಿಸುವನು. ನರಬಲಿಗೆಂದು ಹಿಡಿದು ತಂದ ಎಳೆಯರು ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರು. ಸಾವಿನ ಮುಂದೆಯೂ ಅಳುಕದ ಅವರನ್ನು ಕಂಡು ಬೆರಗಾದ ಅರಸನು ಕೇಳಲು, ಅಭಯರುಚಿಯು ತಮ್ಮ ಹಿಂದಿನ ಭವಗಳನ್ನು ಹೇಳುವನು. ಒಂದು ಭವದಲ್ಲಿ ಅವನು ಉಜ್ಜಯಿನಿಯ ಅರಸು ಯಶೋಧರ. ಈಗಿನ ತಂಗಿಯು ಆಗಿನ ತಾಯಿ ಚಂದ್ರಮತಿ. ಯಶೋಧರನ ಪಟ್ಟದರಸಿ ಅಮೃತಮತಿಯು ಒಂದಿರುಳು ಮಾವುತನೊಬ್ಬನ ಹಾಡನ್ನು ಕೇಳಿ ಅವನಿಗೆ ಸೋತಳು. ಅವನಾದರೋ ಕಣ್ಣಿಗೆ ಹೇಸಿಗೆಯಾಗುವ ವಿಕಾರರೂಪಿ. ನೋಡಿಬಂದ ಕೆಳದಿಯೇ ನಾಚಿ ತಿಳಿಸಿದರೂ ರಾಣಿಯ ಮನಸ್ಸು ಹಿಂಜರಿಯಲಿಲ್ಲ. ಮುಂದೊಂದು ರಾತ್ರಿ ಅರಸನು ಅವಳ ಹಿಂದೆಯೇ ಹೋಗಿ, ತಡವಾಗಿ ಬಂದಳೆಂದು ಮಾವುತನು ಅವಳನ್ನು ಹೊಡೆಯುವುದನ್ನೂ, ಅವಳು ಆ ಪೆಟ್ಟುಗಳನ್ನು ಸಹಿಸಿ ಅವನನ್ನೇ ಬೇಡುವುದನ್ನೂ ಮರೆಯಲ್ಲಿ ನಿಂತು ಕಂಡನು.

ಇಲ್ಲಿಂದ ಮುಂದಿನ ಒಂದು ಹಗಲಿನ ಘಟನೆಗಳಲ್ಲಿ ಜನ್ನನ ಪಾಪವಿಚಾರವೆಲ್ಲ ಅಡಗಿದೆ. ಅರಸನು ಕತ್ತಿಯನ್ನು ಹಿರಿಯುವನು. ಆದರೆ ಇಂಥವರನ್ನು ಕೊಂದು ಕತ್ತಿಯನ್ನು ಕೆಡಿಸಬಾರದೆಂದು ತಡೆದುಕೊಳ್ಳುವನು. ಬೆಳಗಾದ ಮೇಲೆ ರಾಣಿಯನ್ನು ಹೂವಿನಿಂದ ತಟ್ಟುವನು. ಇರುಳೆಲ್ಲ ಪೆಟ್ಟು ತಿಂದವಳು ಹೂವಿನ ಏಟಿಗೆ ಮೂರ್ಛೆಹೋದಂತೆ ನಟಿಸುವಳು. ಮಗನ ಬಾಡಿದ ಮುಖವನ್ನು ಕಂಡು ತಾಯಿಯು ಕಾರಣವನ್ನು ಕೇಳಿದಾಗ, ನಿಜವನ್ನು ಹೇಳಲು ನಾಚಿದ ಮಗನು ಕೆಟ್ಟ ಕನಸಿನ ನೆವವನ್ನು ಹೇಳುವನು. ಕನಸಿನ ದೋಷಕ್ಕೆ ದೇವಿಗೆ ಬಲಿಯೇ ಪರಿಹಾರವೆಂದು ತಾಯಿಯು ಹಟಹಿಡಿಯುವಳು. ಜೀವವಧೆಯನ್ನು ಒಲ್ಲದ ಮಗನೂ ಕಂಬನಿ ತುಂಬಿದ ತಾಯಿಯೂ ಕೊನೆಗೆ ಒಂದು ನಡುದಾರಿಗೆ ಬರುವರು: ಹಿಟ್ಟಿನ ಕೋಳಿಯಾಗಲಿ. ಯಶೋಧರನು ಆ ಕೋಳಿಯನ್ನು ಕಡಿದಾಗ, ಅದರೊಳಗೆ ಹೊಕ್ಕಿದ್ದ ಬೆಂತರವು ಕೂಗಿಬಿಡುವುದು.

ಈ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ನೋಡಬೇಕು. ಅರಸನು ತಾಯಿಗೆ ನಿಜವನ್ನು ಹೇಳಿದ್ದರೆ ಬಲಿಯ ಮಾತೇ ಏಳುತ್ತಿರಲಿಲ್ಲ. ಹೇಳದಿರುವುದಕ್ಕೆ ಕಾರಣವು ದುಷ್ಟತನವಲ್ಲ, ಮಾನ. ತಾಯಿಯ ಹಟಕ್ಕೆ ಕಾರಣವು ಕ್ರೌರ್ಯವಲ್ಲ, ಮಮತೆ. ಹಿಟ್ಟಿನ ಕೋಳಿಗೆ ಅರಸನು ಒಪ್ಪಿದುದು ದಾಕ್ಷಿಣ್ಯದಿಂದ. ಹೀಗೆ ಒಂದೊಂದನ್ನೇ ನೋಡಿದರೆ ಯಾವುದೂ ಪಾಪವೆನ್ನಿಸದು. ಎಲ್ಲವೂ ಸೇರಿದಲ್ಲಿ ಪಾಪವು ತಾನಾಗಿಯೇ ನೆಲೆಗೊಳ್ಳುವುದು. ಇನ್ನೂ ಒಂದು ವಿಪರ್ಯಾಸವಿದೆ. ನಿಜವಾದ ಅಪರಾಧದ ಮುಂದೆ ಒರೆಗೆ ಮರಳಿದ ಕತ್ತಿಯು ನಿರಪರಾಧಿಯಾದ ಹಿಟ್ಟಿನ ಮುದ್ದೆಯ ಮೇಲೆ ಬಿದ್ದಿತು. ಇರುಳು ನುಂಗಿದ ಕೋಪವು ಹಗಲಿನಲ್ಲಿ ಭಕ್ತಿಯ ವೇಷದಿಂದ ಹೊರಬಂದಿತೆಂದು ಓದುಗನಿಗೆ ತೋರಿದರೆ ಅದು ತಪ್ಪಾಗದು.

ಮುಂದಿನದು ಫಲದ ಕಥೆ. ಅರಸನು ತಪಸ್ಸಿಗೆ ಹೊರಡಲು ನಿಶ್ಚಯಿಸಿದಾಗ ಅಮೃತಮತಿಯು ಅವನಿಗೂ ಅತ್ತೆಗೂ ವಿಷವನ್ನು ಉಣಿಸಿ ಕೊಲ್ಲುವಳು. ತಾಯಿಮಕ್ಕಳು ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಣ, ಕೋಳಿ ಎಂದು ಭವದಿಂದ ಭವಕ್ಕೆ ಉರುಳಿ, ಸ್ವಂತ ಮನೆಯವರ ಕೈಯಿಂದಲೇ ಮತ್ತೆ ಮತ್ತೆ ಸಾಯುವರು. ಕೊನೆಗೆ ಯಶೋಧರನ ಮಗನಾದ ಯಶೋಮತಿಗೇ ಅವಳಿಮಕ್ಕಳಾಗಿ ಹುಟ್ಟುವರು. ಹಿಟ್ಟಿನ ಕೋಳಿಯೊಂದಕ್ಕೆ ಇಷ್ಟು ದಂಡವೇ ಎಂದು ಯಾರಾದರೂ ಕೇಳುವರು. ಉತ್ತರವು ಜೈನಶಾಸ್ತ್ರದಲ್ಲಿಯೇ ಇದೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣವನ್ನು ತೆಗೆಯುವುದಕ್ಕೆ ಮುಂಚೆ ಮನಸ್ಸಿನ ಪ್ರಮಾದವನ್ನು ಇಡುವುದು. ಅಮೃತಚಂದ್ರಸೂರಿಯು ಇದನ್ನೇ ಬೆಳೆಯಿಸಿ, ರಾಗಾದಿಗಳು ಹುಟ್ಟುವುದೇ ಹಿಂಸೆಯೆಂದು ನಿರ್ಣಯಿಸಿದನು. ಕಡಿದುದು ಹಿಟ್ಟನ್ನಾದರೂ ಕಡಿಯಬೇಕೆಂಬ ಸಂಕಲ್ಪವು ಹಿಟ್ಟಿನದಲ್ಲ. ಇದು ಶಾಸ್ತ್ರದ ಉತ್ತರ. ಆದರೂ ಓದುಗನ ಮರುಕವು ಇದರಿಂದ ಪೂರ್ತಿಯಾಗಿ ಶಮನವಾಗದು. ಆ ಉಳಿದ ಮರುಕವೇ ಮಾರಿದತ್ತನ ಎದೆಯನ್ನು ಕರಗಿಸಿದುದು. ಹಿಟ್ಟನ್ನು ಕಡಿದವನಿಗೆ ಹೀಗಾದರೆ, ಜೀವಗಳನ್ನು ಜೋಡಿಜೋಡಿಯಾಗಿ ಕಡಿಸುವ ತನ್ನ ಗತಿಯೇನೆಂದು ಅವನು ಲೆಕ್ಕಹಾಕಿಕೊಳ್ಳಬೇಕಾಯಿತು. ಬಲಿಯನ್ನು ನಿಲ್ಲಿಸಿ ದೀಕ್ಷೆಯನ್ನು ವಹಿಸಿದನು.

ಅಮೃತಮತಿಯ ವಿಷಯದಲ್ಲಿ ಕಾವ್ಯವು ಇಷ್ಟು ಉದಾರವಾಗಿಲ್ಲ. ಧರ್ಮಕಥೆಯ ಕಟ್ಟಳೆಯಂತೆ ಅವಳಿಗೆ ನರಕವೇ ಗತಿ. ಆದರೂ ಅವಳನ್ನು ಸೆಳೆದುದು ಹಾಡು, ರೂಪವಲ್ಲ, ಐಶ್ವರ್ಯವಲ್ಲ ಎಂಬುದನ್ನು ಕವಿಯು ಮರೆಮಾಡಲಿಲ್ಲ. ಸುಂದರನಾದ ಅರಸನನ್ನು ಬಿಟ್ಟು ಕುರೂಪಿಯನ್ನು ಬಯಸಿದ ಮನಸ್ಸಿಗೆ ಕಾರಣವನ್ನು ಹೇಳಲು ಅವನು ಯತ್ನಿಸುವುದೂ ಇಲ್ಲ. ಕಾರಣವಿಲ್ಲದ ಆ ಕತ್ತಲೆಯನ್ನು ಕತ್ತಲೆಯಾಗಿಯೇ ಬಿಟ್ಟುದು ಧರ್ಮೋಪದೇಶಕನ ಕೆಲಸವಲ್ಲ. ಅದು ಕವಿಯ ಕೆಲಸ.

ಇಪ್ಪತ್ತೊಂದು ವರ್ಷಗಳ ಮೇಲೆ ಜನ್ನನು ಇದೇ ಕತ್ತಲೆಗೆ ಮತ್ತೊಂದು ಕಡೆಯಿಂದ ಬಂದನು. ಅನಂತನಾಥಪುರಾಣದಲ್ಲಿ, ಗುಣಭದ್ರನ ಉತ್ತರಪುರಾಣದ ಕಿರುಪ್ರಸಂಗವೊಂದನ್ನು ಹಿಗ್ಗಿಸಿ ಚಂಡಶಾಸನನ ಕಥೆಯನ್ನು ಬರೆದನು. ಗೆಳೆಯನಾದ ವಸುಷೇಣನ ಮನೆಗೆ ಅತಿಥಿಯಾಗಿ ಬಂದ ಚಂಡಶಾಸನನು ಅವನ ಹೆಂಡತಿ ಸುನಂದೆಯನ್ನು ಕದ್ದೊಯ್ದನು. ಬೇಡಿಕೆಗೂ ಬೆದರಿಕೆಗೂ ಅವಳು ಬಗ್ಗದಿರಲು, ಅವಳ ಗಂಡನ ತಲೆಯೆಂದು ನಂಬಿಸಿ ಮಾಯೆಯ ತಲೆಯೊಂದನ್ನು ತೋರಿಸಿದನು. ಅವಳು ಅಲ್ಲಿಯೇ ಪ್ರಾಣಬಿಟ್ಟಳು. ಗೆದ್ದೆನೆಂದುಕೊಂಡವನಿಗೆ ಉಳಿದುದು ಹೆಣ. ಅವನು ಅವಳ ಚಿತೆಯನ್ನೇ ಏರಿದನು. ಈ ಸಾವು ಪಶ್ಚಾತ್ತಾಪವೋ, ಪ್ರೇಮವೋ, ಸತ್ತ ಮೇಲೂ ಬಿಡದ ಬಲಾತ್ಕಾರವೋ? ಮೂರೂ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದಲೇ ಈ ಪ್ರಸಂಗಕ್ಕೆ ಅಷ್ಟು ಬಲ. ಯಶೋಧರನಲ್ಲಿ ಕೇಡು ಸದ್ಗುಣದ ಬಾಗಿಲಿನಿಂದ ಒಳಹೊಕ್ಕಿತು. ಚಂಡಶಾಸನನಲ್ಲಿ ಕೇಡಿನ ನಡುವಿನಿಂದ ಪ್ರೇಮದಂಥದೊಂದು ತಡವಾಗಿ ತಲೆಯೆತ್ತಿತು. ಎರಡೂ ಕಾವ್ಯಗಳನ್ನು ಜೊತೆಗಿಟ್ಟು ಓದಿದವರಿಗಲ್ಲದೆ ಜನ್ನನ ಮನಸ್ಸು ಪೂರ್ಣವಾಗಿ ತಿಳಿಯದು.

ಗಿರೀಶ ಕಾರ್ನಾಡರು ೧೯೮೦ರಲ್ಲಿ ಹಿಟ್ಟಿನ ಹುಂಜವೆಂಬ ನಾಟಕವನ್ನು ಈ ಕಥೆಯಿಂದಲೇ ಎತ್ತಿದರು. ಪುನರ್ಜನ್ಮವನ್ನು ನಂಬದ ಪ್ರೇಕ್ಷಕರಿಗೂ ಈ ಕಥೆ ಮುಟ್ಟುವುದಕ್ಕೆ ಕಾರಣ ಸ್ಪಷ್ಟವಾಗಿದೆ. ಜೀವವನ್ನು ಕೊಲ್ಲಲು ಹೇಸುವ ಸಜ್ಜನರು ಅದರ ಬದಲಿಗೆ ಹಿಟ್ಟಿನದೊಂದನ್ನು ಮಾಡಿಕೊಂಡು, ಇದರಲ್ಲಿ ಯಾರಿಗೂ ನೋವಿಲ್ಲವೆಂದು ಸಮಾಧಾನಪಡುವುದು ಉಜ್ಜಯಿನಿಯಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ಅಂಥ ಸಮಾಧಾನದ ನಡುವೆ ಕೋಳಿಯು ಕೂಗಿಬಿಡಬಹುದೆಂಬ ಎಚ್ಚರವನ್ನು ಕನ್ನಡಿಗರ ಕಿವಿಯಲ್ಲಿ ಎಂಟು ನೂರು ವರ್ಷಗಳಿಂದ ಉಳಿಸಿರುವುದೇ ಜನ್ನನ ಹಿರಿಮೆ.