ಹುರುಳಿ ನಮ್ಮದು, ಕುದುರೆ ಯಾರದು?

ಕಳೆದ ವಾರ ಬಿಂಡಿಗನವಿಲೆಯಿಂದ ಒಬ್ಬ ಕೇಳುಗರು ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದ್ರು. ಮಂಡ್ಯ ಜಿಲ್ಲೆ, ನಾಗಮಂಗಲ ತಾಲ್ಲೂಕು. ಎರಡು ಎಕರೆ ಹೊಲ ಇದೆಯಂತೆ. ರೇಸಿನಿಂದ ನಿವೃತ್ತಿಯಾದ ಒಂದು ಕುದುರೆ ಕಡಿಮೆ ಬೆಲೆಗೆ ಸಿಗ್ತಾ ಇದೆ, ತರಲಾ ಬೇಡವಾ ಅಂತ ಕೇಳಿದ್ದಾರೆ. "ಹುರುಳಿ ಮನೇಲೇ ಬೆಳೀತೀವಿ, ಹುಲ್ಲಿನ ಮೆದೆ ಇದೆ, ಇನ್ನೇನು ಬೇಕು ಸಾರ್?" ಕೊನೆಯಲ್ಲಿ ಇನ್ನೊಂದು ಮಾತು: "ಹಿಂದೆ ನಮ್ಮ ಕಡೆ ರಾಜರ ಹತ್ರ ಸಾವಿರಾರು ಕುದುರೆ ಇದ್ವಲ್ಲ, ಅವೆಲ್ಲ ಎಲ್ಲಿಗೆ ಹೋದ್ವು?"

ನಾನು ಎರಡನೇ ಪ್ರಶ್ನೆಯಿಂದ ಶುರು ಮಾಡ್ತೀನಿ. ಮೊದಲನೆಯದಕ್ಕೆ ಉತ್ತರ ಅದರ ಹೊಟ್ಟೆಯಲ್ಲೇ ಇದೆ. ಹೊಟ್ಟೆ ಅನ್ನೋ ಮಾತನ್ನ ಇಲ್ಲಿ ನಿಜವಾದ ಅರ್ಥದಲ್ಲೇ ಹೇಳ್ತಿದ್ದೀನಿ.

ಬಿಂಡಿಗನವಿಲೆ ಅಂದ್ರೆ ಗರುಡನ ಊರು. ಚೆನ್ನಕೇಶವನ ಗುಡಿಯಲ್ಲಿರೋ ಗರುಡನನ್ನ ನೋಡೋಕೇ ಜನ ಬರ್ತಾರೆ. ಶ್ರೀವೈಷ್ಣವ ದೇವಾಲಯಗಳ ಬ್ರಹ್ಮೋತ್ಸವದಲ್ಲಿ ದೇವರು ಒಂದು ದಿನ ಗರುಡನ ಮೇಲೆ, ಇನ್ನೊಂದು ದಿನ ಕುದುರೆ ಮೇಲೆ ಬರೋದುಂಟು. ಆ ಕುದುರೆ ಮರದ್ದು. ಸುತ್ತಮುತ್ತಲ ಹೊಲಗಳಲ್ಲಿ ರಾಗಿ, ಹುರುಳಿ, ಅವರೆ. ಕೊಟ್ಟಿಗೆಯಲ್ಲಿ ಹಸು, ಎತ್ತು. ಜೀವ ಇರೋ ಕುದುರೆ ಈ ಸೀಮೆಯ ರೈತನ ಮನೆಯಲ್ಲಿ ಹಿಂದೆಯೂ ಅಪರೂಪವೇ. ಭಾರ ಹೊರೋಕೆ, ಸಂತೆಗೆ ಹೋಗೋಕೆ ಸಣ್ಣ ತಟ್ಟುಗಳಿದ್ವು ನಿಜ. ಆದರೆ ನೀವು ವೀರಗಲ್ಲಿನ ಮೇಲೆ, ಹೊಯ್ಸಳ ಗುಡಿಗಳ ಪಟ್ಟಿಕೆಯಲ್ಲಿ ನೋಡ್ತೀರಲ್ಲ, ಎದೆ ಎತ್ತಿ ನಿಂತಿರೋ ಯುದ್ಧದ ಕುದುರೆಗಳು, ಅಂಥವುಗಳಲ್ಲಿ ಒಳ್ಳೆಯವು ಬಹುಪಾಲು ಹಡಗಿನಲ್ಲಿ ಬಂದವು.

ಹೊರ್ಮುಜ್, ಏಡನ್ ಬಂದರುಗಳಿಂದ ಅರಬ್ಬೀ ಸಮುದ್ರ ದಾಟಿ ಪಶ್ಚಿಮ ಕರಾವಳಿಗೆ, ಅಲ್ಲಿಂದ ಘಟ್ಟ ಹತ್ತಿ ಮೇಲಕ್ಕೆ. ನಾಗಮಂಗಲದ ಕಡೆ ಹೊಯ್ಸಳರು ಆಳ್ತಿದ್ದಾಗ, ಅಂದ್ರೆ 13ನೇ ಶತಮಾನದ ಕೊನೆಯಲ್ಲಿ, ಮಾರ್ಕೋ ಪೋಲೋ ತಮಿಳು ಕರಾವಳಿಗೆ ಬಂದಿದ್ದ. ಅವನು ಬರೆದಿರೋದು ಪಾಂಡ್ಯರ ನಾಡಿನ ಬಗ್ಗೆ, ನಮ್ಮ ಬಗ್ಗೆ ಅಲ್ಲ. ಆದರೆ ಕಥೆ ನಮಗೂ ಹೊಂದುತ್ತೆ. ಅಲ್ಲಿನ ರಾಜರು ಪ್ರತಿ ವರ್ಷ ಸಾವಿರಾರು ಕುದುರೆ ಕೊಳ್ತಾರೆ, ವರ್ಷ ಕಳೆಯೋದ್ರೊಳಗೆ ಹೆಚ್ಚಿನವು ಸತ್ತು ಹೋಗ್ತವೆ ಅಂತಾನೆ. ಯಾಕೆ? ಅನ್ನ ಬೇಯಿಸಿ, ಮಾಂಸ ಬೆರೆಸಿ ತಿನ್ನಿಸ್ತಾರೆ, ನೋಡಿಕೊಳ್ಳೋಕೆ ಬರಲ್ಲ. ಇನ್ನೂ ಒಂದು ಕಾರಣ ಕೊಡ್ತಾನೆ, ಅದು ನನಗೆ ಮರೆಯೋಕಾಗಲ್ಲ: ಕುದುರೆ ಮಾರೋ ವ್ಯಾಪಾರಿಗಳು ಕುದುರೆ ವೈದ್ಯರನ್ನ ಆ ನಾಡಿಗೆ ಹೋಗೋಕೇ ಬಿಡ್ತಿರಲಿಲ್ಲವಂತೆ. ಕುದುರೆ ಸತ್ತಷ್ಟೂ ಮುಂದಿನ ವರ್ಷ ವ್ಯಾಪಾರ ಜೋರು. ಫೋನ್ ಮಾರಿ ರಿಪೇರಿ ಅಂಗಡಿ ಮುಚ್ಚಿಸಿದ ಹಾಗೆ!

ವಿಜಯನಗರದ ಕಾಲಕ್ಕೆ ಬಂದರೆ ಲೆಕ್ಕ ಇನ್ನೂ ದೊಡ್ಡದು. ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾಂವ್ ನೂನಿಜ್ 16ನೇ ಶತಮಾನದಲ್ಲಿ ಅಲ್ಲೇ ಇದ್ದವನು. ರಾಜ ವರ್ಷಕ್ಕೆ 13,000 ಕುದುರೆ ಕೊಳ್ತಾನೆ, ಹೊರ್ಮುಜ್‌ನವೂ ನಾಡಿನವೂ ಸೇರಿ, ಅಂತ ಬರೀತಾನೆ. ಒಳ್ಳೆಯವನ್ನ ತನ್ನ ಲಾಯಕ್ಕೆ ಇಟ್ಟುಕೊಂಡು ಉಳಿದವನ್ನ ನಾಯಕರಿಗೆ ಮಾರಿ ಲಾಭ ಮಾಡ್ಕೋತಿದ್ದನಂತೆ. ಅದಕ್ಕೂ ಮುಂಚಿನ ಸಾಳುವ ನರಸಿಂಹನ ಬಗ್ಗೆ ಅವನು ಹೇಳೋ ಸಂಗತಿ ಕೇಳಿ. ಸತ್ತಿರಲಿ, ಬದುಕಿರಲಿ, ಸಾವಿರ ಪರ್ದಾವ್ ನಾಣ್ಯಕ್ಕೆ ಮೂರು ಕುದುರೆ. ಸಮುದ್ರದಲ್ಲಿ ಸತ್ತುಹೋದರೆ ಬಾಲ ಮಾತ್ರ ತಂದು ತೋರಿಸಿದ್ರೆ ಸಾಕು, ಪೂರ್ತಿ ದುಡ್ಡು. ಹಂಪಿಗೆ ಹೋದರೆ ಮಹಾನವಮಿ ದಿಬ್ಬದ ಗೋಡೆ ಹತ್ರ ಐದು ನಿಮಿಷ ನಿಲ್ಲಿ. ಕುದುರೆ ಹಿಡ್ಕೊಂಡು ಬರ್ತಿರೋ ಪರದೇಶದ ವ್ಯಾಪಾರಿಗಳು ಕಲ್ಲಲ್ಲೇ ಸಿಗ್ತಾರೆ. 1547ರಲ್ಲಿ ವಿಜಯನಗರ ಪೋರ್ಚುಗೀಸರ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಮುಖ್ಯ ವಿಷಯವೇ ಕುದುರೆ: ಗೋವಾಕ್ಕೆ ಇಳಿಯೋ ಕುದುರೆ ನಮಗೇ ಬರಬೇಕು, ಬಿಜಾಪುರಕ್ಕೆ ಹೋಗಬಾರದು.

ಇಷ್ಟು ದುಡ್ಡು ಸುರಿಯೋ ಬದಲು ಇಲ್ಲೇ ಬೆಳೆಸಬಹುದಿತ್ತಲ್ಲ? ಇಲ್ಲೇ ನೋಡಿ ಹೊಟ್ಟೆ ವಿಷಯ ಬರೋದು.

ಹಸುವಿಗೆ ನಾಲ್ಕು ಕೋಣೆಯ ಜಠರ. ರಾಗಿಹುಲ್ಲು ಹಾಕಿದ್ರೆ ನುಂಗಿ, ಕೂತು ಮೆಲುಕು ಹಾಕಿ, ಒಣಹುಲ್ಲಿನಿಂದಲೂ ಸತ್ವ ಹಿಂಡಿ ತೆಗೆಯುತ್ತೆ. ಕುದುರೆ ಮೆಲುಕು ಹಾಕಲ್ಲ. ಅದರ ಜಠರ ದೇಹಕ್ಕೆ ಹೋಲಿಸಿದ್ರೆ ಚಿಕ್ಕದು, 8ರಿಂದ 15 ಲೀಟರ್ ಅಷ್ಟೇ. ನಾರು ಜೀರ್ಣ ಆಗೋದು ಹಿಂಭಾಗದ ದೊಡ್ಡ ಕರುಳಿನಲ್ಲಿ. ಹಾಗಾಗಿ ಅದು ಸ್ವಲ್ಪ ಸ್ವಲ್ಪವಾಗಿ ದಿನದ ಬಹುಪಾಲು ಮೇಯ್ತಾನೇ ಇರಬೇಕು. ಜೊತೆಗೆ ಕುದುರೆಗೆ ವಾಂತಿ ಮಾಡೋಕೆ ಬರಲ್ಲ. ತಿನ್ನಬಾರದ್ದು ತಿಂದರೆ, ಒಂದೇ ಸಲ ಕಾಳು ಜಾಸ್ತಿ ತಿಂದರೆ, ಒಳಗೇ ಉಬ್ಬರಿಸಿ ಹೊಟ್ಟೆಶೂಲೆ. ಎಷ್ಟೋ ಕುದುರೆ ಸಾಯೋದು ಅದರಿಂದಲೇ. ಮಧ್ಯ ಏಷ್ಯಾದ ಹುಲ್ಲುಗಾವಲಿನ ಪ್ರಾಣಿಯನ್ನ ನಾಲ್ಕು ತಿಂಗಳು ಹಸಿರು, ಎಂಟು ತಿಂಗಳು ಒಣಗು ಅನ್ನೋ ರಾಗಿ ಸೀಮೆಗೆ ತಂದ್ರೆ ಏನಾಗಬೇಕೋ ಅದೇ ಆಯ್ತು. ನಮ್ಮ ನೆಲ ತನ್ನದೇ ಆದ 'ಕುದುರೆ'ಯನ್ನ ಬೇರೆ ರೂಪದಲ್ಲಿ ಕೊಟ್ಟಿತ್ತು: ಹಳ್ಳಿಕಾರ್ ಎತ್ತು, ಅಮೃತಮಹಲ್ ಎತ್ತು. ಹೈದರಾಲಿಯ ತೋಪುಗಳನ್ನ ಓಡಿಸಿಕೊಂಡು ಹೋಗಿದ್ದು ಅವೇ.

ಇನ್ನು ಹುರುಳಿ. ಶೇಕಡ 20ಕ್ಕಿಂತ ಹೆಚ್ಚು ಪ್ರೋಟೀನ್ ಇರೋ ಕಾಳು, ಮಳೆ ಕೈಕೊಟ್ಟರೂ ಬರುತ್ತೆ. ದಕ್ಷಿಣದಲ್ಲಿ ಕುದುರೆಗೆ ಬಾರ್ಲಿ, ಓಟ್ಸ್ ಎಲ್ಲಿಂದ ತರೋದು? ಹುರುಳಿ ಬೇಯಿಸಿ ಹಾಕಿದ್ರು. ಅದನ್ನ ನೋಡಿದ ಯುರೋಪಿನವರು 'ಹಾರ್ಸ್ ಗ್ರಾಂ' ಅಂತ ಹೆಸರಿಟ್ರು. ಬಸ್ಸಾರು, ಹುರುಳಿಕಟ್ಟು ಮಾಡ್ಕೊಂಡು ತಿನ್ನೋ ನಮಗೆ ಆ ಹೆಸರು ಸ್ವಲ್ಪ ಅವಮಾನ ಅನ್ಸುತ್ತೆ, ಬಿಡಿ.

ಆದರೆ ನಮ್ಮವರು ಕೈಕಟ್ಟಿ ಕೂತಿರಲಿಲ್ಲ. ಸುಮಾರು 1400ರಲ್ಲೇ ಅಭಿನವಚಂದ್ರ ಅನ್ನೋ ಕವಿ 'ಅಶ್ವವೈದ್ಯ' ಅಂತ ಕನ್ನಡದಲ್ಲಿ ಪುಸ್ತಕ ಬರೆದಿದ್ದ. ಆಮೇಲೆ ಶ್ರೀರಂಗಪಟ್ಟಣದಲ್ಲಿ 1617ರಿಂದ 1637ರವರೆಗೆ ಆಳಿದ ಚಾಮರಾಜ ಒಡೆಯರ ಕಾಲದಲ್ಲಿ ಕುದುರೆ ಬಗ್ಗೆಯೇ ಎರಡು ಕೃತಿ ಬಂದವು: ರಾಮಚಂದ್ರನ 'ಅಶ್ವಶಾಸ್ತ್ರ', 1627ರಲ್ಲಿ ಪದ್ಮಣ ಪಂಡಿತನ 'ಹಯಸಾರ ಸಮುಚ್ಚಯ'. ಇದೇ ಒಡೆಯರು 1630ರ ಸುಮಾರಿಗೆ ನಾಗಮಂಗಲವನ್ನೂ ಗೆದ್ದುಕೊಂಡರು. ಸಾಹಿತ್ಯ ಚರಿತ್ರೆಯಲ್ಲಿ ಈ ಪುಸ್ತಕಗಳಿಗೆ ಒಂದೊಂದು ಸಾಲು ಸಿಕ್ಕಿದ್ರೆ ಹೆಚ್ಚು. ನನಗೆ ಇವು ಕಾವ್ಯಕ್ಕಿಂತ ಕಡಿಮೆ ಅನ್ಸಲ್ಲ. ಮಾರ್ಕೋ ಪೋಲೋ ಹೇಳಿದ ಆ ವ್ಯಾಪಾರಿಗಳು ಯಾವ ತಿಳಿವಳಿಕೆಯನ್ನ ಬಚ್ಚಿಡ್ತಿದ್ರೋ, ಅದನ್ನ ಲಾಯದಲ್ಲಿರೋ ಕನ್ನಡದವನಿಗೆ ಅರ್ಥವಾಗೋ ಭಾಷೆಯಲ್ಲಿ ಬರೆದಿಟ್ಟ ಕೆಲಸ ಇದು.

ಯಾಕಂದ್ರೆ ಕುದುರೆ ಸತ್ತರೆ ರಾಜನಿಗೆ ಬರೀ ನಷ್ಟ, ಸವಾರನಿಗೆ ಬದುಕೇ ಹೋಯ್ತು. ಮೈಸೂರು ಸೈನ್ಯದಲ್ಲಿ, ಮರಾಠರಲ್ಲೂ, ಎರಡು ಥರದ ಸವಾರರಿದ್ರು. ಬಾರ್ಗೀರನಿಗೆ ಕುದುರೆ ಸರ್ಕಾರದ್ದು. ಸಿಲ್ಲೇದಾರ ಮಾತ್ರ ತನ್ನ ಸ್ವಂತ ಕುದುರೆ ತರಬೇಕು. ಸಂಬಳದಲ್ಲೇ ಅದರ ಮೇವು, ಲಾಳ, ಜೀನು ಎಲ್ಲ. ಈಗ ಸ್ವಂತ ಬೈಕು, ಸ್ವಂತ ಪೆಟ್ರೋಲು ಹಾಕಿ ಡೆಲಿವರಿ ಕೆಲಸ ಮಾಡೋರಿಗೆ ಇದು ಬೇಗ ಅರ್ಥ ಆಗುತ್ತೆ. ಯುದ್ಧದಲ್ಲಿ ಕುದುರೆ ಬಿತ್ತು ಅಂದ್ರೆ ಹೊಸದು ಕೊಳ್ಳೋವರೆಗೆ ಅವನು ಸವಾರನೇ ಅಲ್ಲ. ಸಿಲ್ಲೇದಾರರು ಕುದುರೆಗೆ ಏಟು ಬೀಳೋ ಜಾಗಕ್ಕೆ ನುಗ್ಗೋದಿಲ್ಲ ಅಂತ ಆ ಕಾಲದವರು ದೂರುತ್ತಿದ್ರು. ನುಗ್ಗೋದಾದ್ರೂ ಹೇಗೆ ಹೇಳಿ?

ಇದರ ಇನ್ನೊಂದು ಬದಿ ಹಳ್ಳಿಯದು. 1799ರಲ್ಲಿ ಟಿಪ್ಪು ಮಡಿದ ಮೇಲೆ, 1807ರ ಒಪ್ಪಂದದಲ್ಲಿ ಮೈಸೂರು ಸಂಸ್ಥಾನ ಕಂಪನಿ ಸರ್ಕಾರಕ್ಕಾಗಿ 4,000 ಕುದುರೆ ಸವಾರರನ್ನ ಸಿದ್ಧ ಇಟ್ಟಿರಬೇಕು ಅಂತ ಆಯ್ತು. ಒಂದು ಸಣ್ಣ ಲೆಕ್ಕ ಹಾಕೋಣ. ಕುದುರೆ ದಿನಕ್ಕೆ ತನ್ನ ತೂಕದ ಸುಮಾರು ಶೇಕಡ 2ರಷ್ಟು ಒಣ ಮೇವು ತಿನ್ನುತ್ತೆ. 400 ಕೆಜಿ ಕುದುರೆಗೆ 8 ಕೆಜಿ. ನೀರು ಸುಮಾರು 30 ಲೀಟರ್. 4,000 ಕುದುರೆಗೆ ದಿನಕ್ಕೆ 32 ಟನ್ ಮೇವು, 1 ಲಕ್ಷದ 20 ಸಾವಿರ ಲೀಟರ್ ನೀರು. ಇದು ಶಾಂತಿಯ ಕಾಲದ ಲೆಕ್ಕ. ಶತ್ರು ಸೈನ್ಯ ದಾಟಿ ಹೋದರೆ? 1792ರಲ್ಲಿ ಪರಶುರಾಮ ಭಾವುವಿನ ಮರಾಠಾ ಸೈನ್ಯ ನಾಗಮಂಗಲವನ್ನ ಹಾಳುಗೆಡವಿತು. ಆಗ ಒಂದೂವರೆ ಲಕ್ಷ ಈಚಲು ಮರ ನಾಶವಾದವು ಅನ್ನೋ ಮಾತು ಹಳೇ ಗ್ಯಾಜೆಟಿಯರ್‌ನಲ್ಲಿದೆ. ಮರಕ್ಕೇ ಆ ಗತಿ ಅಂದಮೇಲೆ ರೈತನ ಮೆದೆ, ಕಣಜ ಉಳಿದಿರುತ್ತಾ? ಅವರು ಕೇಳಿದ್ರಲ್ಲ, ನಮ್ಮ ಕಡೆ ಸಾವಿರಾರು ಕುದುರೆ ಇದ್ವಲ್ಲ ಅಂತ. ಇದ್ವು, ಆದರೆ ಬಿಂಡಿಗನವಿಲೆಯಂಥ ಊರಿನ ನೆನಪಿನಲ್ಲಿ ಆ ಗೊರಸಿನ ಸದ್ದು ಸಂಭ್ರಮದ್ದಾಗಿರೋಕೆ ಸಾಧ್ಯವಿಲ್ಲ.

ಕೊಳ್ಳೋದು ಬಿಟ್ಟು ಬೆಳೆಸೋಣ ಅನ್ನೋ ಪ್ರಯತ್ನ ನಿಮ್ಮ ಪಕ್ಕದಲ್ಲೇ ನಡೆದಿದೆ. ಬಿಂಡಿಗನವಿಲೆಯಿಂದ ಬೆಳ್ಳೂರು ಕ್ರಾಸಿಗೆ ಬಂದು ಬೆಂಗಳೂರು ಹೆದ್ದಾರಿ ಹಿಡಿದರೆ ಸುಮಾರು ಒಂದು ಗಂಟೆ, ಕುಣಿಗಲ್. ಅಲ್ಲಿನ ಸ್ಟಡ್ ಫಾರಂ ಹುಟ್ಟಿದ್ದು 18ನೇ ಶತಮಾನದ ಕೊನೆಯಲ್ಲಿ, ಟಿಪ್ಪುವಿನ ಅಶ್ವದಳಕ್ಕೆ ಅರಬ್ಬೀ ಕುದುರೆಗಳನ್ನ ಬೆಳೆಸೋಕೆ. ಬಂದರುಗಳು ಬ್ರಿಟಿಷರ, ಅವರ ಮಿತ್ರರ ಕೈಯಲ್ಲಿದ್ದಾಗ ಕುದುರೆಗೆ ಅವರನ್ನೇ ನಂಬೋಕಾಗುತ್ತಾ? ಟಿಪ್ಪು ಹೋದ, ಫಾರಂ ಉಳೀತು. ಬ್ರಿಟಿಷರ ಸೈನ್ಯಕ್ಕೆ, ಮಹಾರಾಜರಿಗೆ, ಆಮೇಲೆ ರಾಜ್ಯ ಸರ್ಕಾರಕ್ಕೆ. 1992ರಲ್ಲಿ ಗುತ್ತಿಗೆಗೆ ಹೋಗಿ ರೇಸಿನ ಥರೋಬ್ರೆಡ್ ತಳಿಗೆ ಹೆಸರಾಯ್ತು. ಥರೋಬ್ರೆಡ್ ಅಂದ್ರೂ ಮೂಲ ಪೂರ್ವದ್ದೇ. ಇಂಗ್ಲೆಂಡಿಗೆ 17ನೇ ಶತಮಾನದ ಕೊನೆ, 18ನೇ ಶತಮಾನದ ಆರಂಭದಲ್ಲಿ ಹೋದ ಮೂರು ಗಂಡು ಕುದುರೆಗಳಿಗೆ ಇವತ್ತಿನ ಎಲ್ಲ ಥರೋಬ್ರೆಡ್‌ಗಳ ಗಂಡುವಂಶ ಸೇರುತ್ತೆ.

ಮೈಸೂರಿನ ಅಶ್ವದಳದ ಹೆಸರು ದೊಡ್ಡದಾಗಿ ಕೇಳಿದ್ದು 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾದಲ್ಲಿ. ಜೋಧಪುರ ಮತ್ತು ಮೈಸೂರು ಲ್ಯಾನ್ಸರ್‌ಗಳು ಮೆಷಿನ್ ಗನ್‌ಗಳ ಎದುರು ಈಟಿ ಹಿಡಿದು ನುಗ್ಗಿ ಊರು ಗೆದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಆ ಕದನದಲ್ಲಿ ಸತ್ತ ಸೈನಿಕರು 8. ಸತ್ತ ಕುದುರೆಗಳು 60, ಗಾಯಗೊಂಡವು 83. ಎರಡನೇ ಅಂಕಿಯನ್ನ ಭಾಷಣಗಳಲ್ಲಿ ಯಾರೂ ಹೇಳೋದು ನಾನು ಕೇಳಿಲ್ಲ.

ಕುಣಿಗಲ್ಲಿನ 400ಕ್ಕೂ ಹೆಚ್ಚು ಎಕರೆ ಜಾಗದಲ್ಲಿ ಟೌನ್‌ಶಿಪ್ ಮಾಡೋ ಪ್ರಸ್ತಾವ ಇತ್ತೀಚಿನ ವರ್ಷಗಳಲ್ಲಿ ಬಂತು, ವಿರೋಧವೂ ಎದ್ದಿತು. ನನ್ನ ಅಭಿಪ್ರಾಯ ಕೇಳಿದ್ರೆ, ಹೋಗೋದು ಬರೀ ಹುಲ್ಲುಗಾವಲು ಅಲ್ಲ. ಕುದುರೆ ಕಿವಿ ಹಿಂದಕ್ಕೆ ಮಡಚಿದ್ರೆ ಸಿಟ್ಟು, ಪದೇ ಪದೇ ತನ್ನ ಪಕ್ಕೆ ತಿರುಗಿ ನೋಡ್ಕೊಂಡ್ರೆ ಹೊಟ್ಟೆನೋವು ಅಂತ ದೂರದಿಂದಲೇ ಹೇಳೋ ಲಾಯದ ಕೆಲಸಗಾರರು ಒಂದು ದಿನದಲ್ಲಿ ತಯಾರಾಗಲ್ಲ.

ಈಗ ನಿಮ್ಮ ಕುದುರೆ ವಿಷಯ. ಹುರುಳಿ ಇದೆ ಅಂದ್ರಿ. ಅದು ನೆಂಚಿಕೊಳ್ಳೋಕೆ, ಊಟಕ್ಕಲ್ಲ. ಬೇಯಿಸಿ, ಸ್ವಲ್ಪವೇ ಹಾಕಬೇಕು. ಮುಖ್ಯ ಆಹಾರ ಒಳ್ಳೆ ಹುಲ್ಲು, ದಿನವಿಡೀ. ಮೆದೆಯ ರಾಗಿಹುಲ್ಲು ಒಂದರಿಂದಲೇ ಆಗಲ್ಲ, ಬೂಷ್ಟು ಹಿಡಿದಿದ್ದಂತೂ ಮುಟ್ಟಿಸಲೇಬೇಡಿ. ಎರಡು ಎಕರೆಯಲ್ಲಿ ನೀರಾವರಿ ಇದ್ದು ಮೇವು ಬೆಳೆದರೆ ಯೋಚನೆ ಮಾಡಬಹುದು, ಮಳೆ ನಂಬಿದ ಹೊಲವಾದರೆ ಕಷ್ಟ. ರೇಸಿನ ಕುದುರೆ ಬದಲು ನಾಡತಳಿ ಸಿಕ್ಕಿದ್ರೆ ನೋಡಿ. ಭೀಮಾ ತೀರದ ಭೀಮಥಡಿ ಈಗ ಅಧಿಕೃತ ತಳಿ, ಒಣ ಸೀಮೆಗೆ ಒಗ್ಗಿದ್ದು. ಕೊಳ್ಳೋ ಮುಂಚೆ ಪಶುವೈದ್ಯರನ್ನ ಕರ್ಕೊಂಡು ಹೋಗಿ ಹಲ್ಲು ನೋಡಿಸಿ, ವಯಸ್ಸು ಅಲ್ಲೇ ಗೊತ್ತಾಗುತ್ತೆ. ಕಾಲು, ಗೊರಸು ನೋಡಿಸಿ, ಧನುರ್ವಾಯು ಲಸಿಕೆ ಕೇಳಿ. ನಿಂತೇ ನಿದ್ದೆ ಮಾಡ್ತಿದೆ ಅಂತ ಗಾಬರಿ ಬೇಡ, ಅದು ಸಹಜ. ಆದರೆ ಗಾಢ ನಿದ್ದೆಗೆ ಅದು ಮಲಗಲೇಬೇಕು, ಅದಕ್ಕೆ ಒಣ ನೆಲ, ಭಯವಿಲ್ಲದ ಜಾಗ ಬೇಕು. ಹಿಂದಿನಿಂದ ಸದ್ದಿಲ್ಲದೆ ಹೋಗಬೇಡಿ, ನೇರ ಹಿಂದೆ ಅದಕ್ಕೆ ಕಾಣಲ್ಲ. ಕುದುರೆ ಹಿಂಡಿನ ಪ್ರಾಣಿ, ಒಂಟಿಯಾಗಿ ಕಟ್ಟಿದ್ರೆ ಕೊರಗುತ್ತೆ. ಬೇರೆ ಕುದುರೆ ಇಲ್ಲ ಅಂದ್ರೆ ಕೊನೆಗೆ ಒಂದು ಮೇಕೆಯಾದ್ರೂ ಜೊತೆಗಿರಲಿ.

ಇನ್ನೊಂದು, ಇದನ್ನ ಎಲ್ಲರೂ ಮರೀತಾರೆ: ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಸರಿ ಮಾಡಬೇಕು. ಎತ್ತಿಗೆ ಲಾಳ ಹೊಡೆಯೋರು ಮಾಡೋ ಕೆಲಸ ಅಲ್ಲ ಅದು, ಕುದುರೆದು ಇಡೀ ಒಂದೇ ಗೊರಸು. ಆ ಕೆಲಸ ಬಲ್ಲವರು ನಾಗಮಂಗಲದ ಕಡೆ ಯಾರಾದ್ರೂ ಇದ್ದಾರಾ ಅಂತ ಮೊದಲು ಹುಡುಕಿ. ಸಿಗದಿದ್ದರೆ ಕುಣಿಗಲ್ಲಿನ ಲಾಯದವರನ್ನ ಕೇಳಿ ನೋಡಿ. ಅವರು ಏನಂದ್ರು ಅಂತ ನನಗೊಂದು ವಾಯ್ಸ್ ಮೆಸೇಜ್ ಹಾಕಿ. ಕುದುರೆ ಆಮೇಲೆ ತರೋಣ.