ಯಂತ್ರಹಸ್ತವೂ ದಿನಶಸ್ತ್ರಚಿಕಿತ್ಸೆಯೂ

ಸುಶ್ರುತಸಂಹಿತೆಯು ನೂರೊಂದು ಯಂತ್ರಗಳನ್ನೆಣಿಸಿ, ಅವುಗಳಲ್ಲಿ ವೈದ್ಯನ ಕೈಯೇ ಪ್ರಧಾನವಾದುದೆಂದು ನಿರ್ಣಯಿಸುತ್ತದೆ. ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮಗಳೆಂದು ಚಿಕಿತ್ಸೆಯನ್ನು ಮೂರಾಗಿ ವಿಂಗಡಿಸಿರುವುದೂ ಆ ಗ್ರಂಥದಲ್ಲಿಯೇ. ಯಂತ್ರಹಸ್ತದ, ಅಂದರೆ ರೋಬಾಟಿನ, ನೆರವಿನಿಂದ ಶಸ್ತ್ರಚಿಕಿತ್ಸೆಯನ್ನು ನಡೆಸಿ ರೋಗಿಯನ್ನು ಅಂದೇ ಮನೆಗೆ ಕಳುಹಿಸುವ ಪದ್ಧತಿಯು ಈಚೆಗೆ ಅಮೆರಿಕದಲ್ಲಿ ಬೆಳೆದಿದೆ. ಇದರ ಚರಿತ್ರೆಯನ್ನು ಪರಿಶೀಲಿಸಿದರೆ, ಎರಡು ಪ್ರವಾಹಗಳು ಬೇರೆಬೇರೆಯಾಗಿ ಹುಟ್ಟಿ ಕಡೆಗೆ ಕೂಡಿಕೊಂಡುದು ಕಂಡುಬರುತ್ತದೆ.

ಮೊದಲನೆಯದು ದಿನಶಸ್ತ್ರಚಿಕಿತ್ಸೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜೇಮ್ಸ್ ನಿಕಲ್ ಮಹಾಶಯನು, ಮಕ್ಕಳ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಹತ್ತು ವರ್ಷಗಳಲ್ಲಿ ನಡೆದ 8,988 ಶಸ್ತ್ರಚಿಕಿತ್ಸೆಗಳ ವೃತ್ತಾಂತವನ್ನು 1909ರಲ್ಲಿ ಬ್ರಿಟಿಷ್ ವೈದ್ಯಸಂಘದ ಮುಂದಿಟ್ಟನು. ಸೀಳುತುಟಿ, ಹರ್ನಿಯಾ ಮೊದಲಾದವುಗಳಿಗೆ ಚಿಕಿತ್ಸೆ ಹೊಂದಿದ ಶಿಶುಗಳು ಆ ದಿನವೇ ಮನೆ ಸೇರುತ್ತಿದ್ದುವು. ಎಳೆಯ ಕೂಸಿಗೆ ತಾಯಿಯ ಮಡಿಲಿನ ಆರೈಕೆಯೇ ಲೇಸೆಂಬುದು ಅವನ ಮತ. ಆದರೆ ಅವನು ತಾಯಿಯ ಮೇಲೆಯೇ ಭಾರವನ್ನು ಹೊರಿಸಿ ಸುಮ್ಮನಾಗಲಿಲ್ಲ. ದಾದಿಯರು ಮನೆಗಳಿಗೆ ಹೋಗಿ ಶುಶ್ರೂಷೆ ನಡೆಸುವಂತೆ ಏರ್ಪಡಿಸಿದನು. ಅನಂತರ 1970ರಲ್ಲಿ, ಅರಿವಳಿಕೆಯ ವೈದ್ಯರಾದ ವಾಲೇಸ್ ರೀಡ್, ಜಾನ್ ಫೋರ್ಡ್ ಎಂಬಿಬ್ಬರು ಅಮೆರಿಕದ ಫೀನಿಕ್ಸ್ ನಗರದಲ್ಲಿ ಆಸ್ಪತ್ರೆಯಿಂದ ಪ್ರತ್ಯೇಕವಾದ ‘ಸರ್ಜಿಸೆಂಟರ್’ ಎಂಬ ಕೇಂದ್ರವನ್ನು ತೆರೆದರು.

ಎರಡನೆಯದು ಯಂತ್ರಹಸ್ತ. ಕಾರ್ಖಾನೆಯ ಕೆಲಸಕ್ಕೆಂದು ನಿರ್ಮಿತವಾದ ಪ್ಯೂಮಾ 560 ಎಂಬ ಯಂತ್ರವು 1985ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ, ಮಿದುಳಿನ ಚೂರನ್ನು ಪರೀಕ್ಷೆಗೆ ತೆಗೆಯುವ ಸೂಜಿಗೆ ದಾರಿ ತೋರಿತು. 2000ದಲ್ಲಿ ಅಮೆರಿಕದ ಸರ್ಕಾರವು ಡಾ ವಿಂಚಿ ಯಂತ್ರಕ್ಕೆ ಉದರಾದಿ ಶಸ್ತ್ರಕರ್ಮಗಳಲ್ಲಿ ಅನುಮತಿಯನ್ನಿತ್ತಿತು. ಇದರಲ್ಲಿ ವೈದ್ಯನು ರೋಗಿಯಿಂದ ದೂರ ಕುಳಿತು ಕೈಯಾಡಿಸುತ್ತಾನೆ. ಯಂತ್ರವು ಆ ಚಲನೆಯನ್ನು ಕಿರಿದುಮಾಡಿ, ನಡುಕವನ್ನು ಸೋಸಿ, ದೇಹದೊಳಗಿನ ಸಣ್ಣ ಉಪಕರಣಗಳಿಗೆ ಮುಟ್ಟಿಸುತ್ತದೆ. 2001ರ ಸೆಪ್ಟೆಂಬರ್ 7ರಂದು ಜಾಕ್ ಮಾರೆಸ್ಕೋ ಎಂಬ ವೈದ್ಯನು ನ್ಯೂಯಾರ್ಕಿನಲ್ಲಿ ಕುಳಿತು, ಝ್ಯೂಸ್ ಎಂಬ ಯಂತ್ರದ ಮೂಲಕ, ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿದ್ದ ಮಹಿಳೆಯೊಬ್ಬಳ ಪಿತ್ತಕೋಶವನ್ನು ತೆಗೆದನು. ಯಂತ್ರವಿದ್ದರೂ ಕೈ ವೈದ್ಯನದೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಎರಡರ ಸಂಗಮವು ಮೊಣಕಾಲಿನ ಕೀಲುಬದಲಾವಣೆಯಲ್ಲಿ ಚೆನ್ನಾಗಿ ಕಾಣುತ್ತದೆ. ಯಂತ್ರಹಸ್ತವು ಗರಗಸವನ್ನು ಮೊದಲೇ ಗೊತ್ತುಮಾಡಿದ ಎಲ್ಲೆಯನ್ನು ಮೀರಗೊಡುವುದಿಲ್ಲ. ವೃದ್ಧರ ವಿಮೆಯಾದ ಮೆಡಿಕೇರ್, ಈ ಚಿಕಿತ್ಸೆಗೆ ರೋಗಿಯು ಒಳರೋಗಿಯಾಗಿಯೇ ಇರಬೇಕೆಂಬ ನಿಯಮವನ್ನು 2018ರಲ್ಲಿ ಸಡಿಲಿಸಿ, 2020ರಿಂದ ದಿನಕೇಂದ್ರಗಳಲ್ಲಿಯೂ ಇದಕ್ಕೆ ಹಣವನ್ನು ಕೊಡತೊಡಗಿತು.

ಆದರೆ ಯಂತ್ರವು ನೆರವಾಗುವುದು ಪೂರ್ವ ಪ್ರಧಾನಕರ್ಮಗಳಿಗೆ ಮಾತ್ರ. ರೋಗಿಯು ಸಂಜೆಗೆ ಮನೆ ಸೇರಿದೊಡನೆ ಪಶ್ಚಾತ್ಕರ್ಮವು ಮನೆಯವರ ಪಾಲಾಗುತ್ತದೆ. ರಾತ್ರಿ ಜ್ವರವೇರಿದರೆ, ಗಾಯದಲ್ಲಿ ರಕ್ತ ಒಸರಿದರೆ, ಉಸಿರು ಕಟ್ಟಿದರೆ ಮೊದಲು ಕಾಣತಕ್ಕವರು ಅವರೇ. ನೋಡಿಕೊಳ್ಳುವವರಿಲ್ಲದ ಮನೆಗೆ ರೋಗಿಯನ್ನು ಕಳುಹಿಸಿದಲ್ಲಿ ಯಂತ್ರದ ನೈಪುಣ್ಯವೆಲ್ಲವೂ ವ್ಯರ್ಥವಾದೀತು. ಆದಕಾರಣ ಯಂತ್ರವನ್ನು ಕೊಳ್ಳುವ ಕೇಂದ್ರಗಳು ನಿಕಲನ ದಾದಿಯರನ್ನು ಮರೆಯದಿರುವುದು ಯುಕ್ತವು.